ನಮ್ಮ ಕಾರಿಗೆ ಬೇಕಾದ ಘೋಡಿ

ಮೊದಲೇ ಹೇಳಿಬಿಡುತ್ತೇನೆ. ಒಂದು ಭಾನುವಾರ ಬೆಳಿಗ್ಗೆ ಬರೋಡಾದ ನಮ್ಮ ಕ್ವಾರ್ಟರ್ಸಿನ ಮುಂದೆ ಜರಿಯ ಹೊದಿಕೆ ಹೊದ್ದ ಮದುವೆ ಕುದುರೆಯೊಂದು ಬಂದು ನಿಂತು, ಅವ್ವನ ತುಳಸಿಗೆ ಬಾಯಿ ಹಾಕಿತಲ್ಲ, ಅದಕ್ಕೆ ಕಾರಣ ನಾನೇ. ಬೇರೆ ಯಾರೂ ಅಲ್ಲ. ಕ್ಷಮೆ ಕೇಳುತ್ತೇನೆ ಎಂದು ಕಾಯಬೇಡಿ. ಅಂದು ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ತುಳಸಿ ಮತ್ತೆ ಚಿಗುರಿತು.

ಮೊನ್ನೆ ಅಹಮದಾಬಾದಿನ ವಸ್ತ್ರಾಪುರದಲ್ಲಿ ವರನ ಮೆರವಣಿಗೆಯೊಂದರ ಹಿಂದೆ ನನ್ನ ಸ್ಕೂಟರು ಸಿಕ್ಕಿಹಾಕಿಕೊಂಡಿತು. ಮುಂದೆ ಬ್ಯಾಂಡು, ನಡುವೆ ಕುದುರೆ, ಅದರ ಹಿಂಬದಿಗೆ ಸರಿಯಾಗಿ ನಾನು. ಬೆವರು, ಚೆಂಡುಹೂವು, ಒದ್ದೆ ಹುಲ್ಲು ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ಉಳಿದವರು ಹಾರ್ನ್ ಒತ್ತುತ್ತಿದ್ದರೆ ನಾನು ಒಬ್ಬನೇ ನಗುತ್ತ ಕೂತಿದ್ದೆ. ಪಕ್ಕದ ರಿಕ್ಷಾದವನು ನನ್ನನ್ನು ನೋಡಿದ ರೀತಿಯನ್ನು ಬರೆದು ತೋರಿಸಲು ಬರುವುದಿಲ್ಲ, ಎದುರಿಗೆ ಸಿಕ್ಕರೆ ಮಾಡಿ ತೋರಿಸುತ್ತೇನೆ.

ಮಾಡಿ ತೋರಿಸುವುದೇ ಆಗ ನನ್ನ ಕಸುಬು. ಹದಿನಾರರ ವಯಸ್ಸು, ಓದಿನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಆದರೆ ದನಿಗಳೆಲ್ಲ ನನ್ನ ಗಂಟಲಲ್ಲಿದ್ದವು. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ಅಪ್ಪನ ಗುಡುಗು, ಅಲ್ಕಾಪುರಿಯಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಭಟ್ಟರ ರಾಗ, ಪಕ್ಕದ ಮನೆಯ ಗುಜರಾತಿ ಕಾಕಾನ ಮೂಗಿನ ಮಾತು. ನನ್ನ ದನಿಯನ್ನೂ ಅಣಕಿಸುತ್ತಿದ್ದೆ. ಅದು ಆಗಷ್ಟೇ ಒಡೆಯುತ್ತಿದ್ದುದರಿಂದ ಅಣಕಕ್ಕೂ ಅಸಲಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಾರಿನ ದನಿಯೂ ನನಗೆ ಬರುತ್ತಿತ್ತು. ಸೂರತ್ತಿನಲ್ಲಿದ್ದ ಸೋದರತ್ತೆ ತಾವು ಹೊಸದು ಕೊಂಡಾಗ ಹಳೆಯದನ್ನು ತಮ್ಮನಾದ ಅಪ್ಪನಿಗೆ ದಾಟಿಸಿದ್ದರು. ಅತ್ತೆಯ ಹಾಗೆಯೇ ಅದೂ ಬರುವುದಕ್ಕೆ ಮೊದಲೇ ಕೇಳಿಸುತ್ತಿತ್ತು. ಹಾಗಾಗಿ ಅದಕ್ಕೆ ‘ಸೂರತ್ ಅತ್ತೆ’ ಎಂದು ಹೆಸರಿಟ್ಟವನೂ ನಾನೇ. ಆ ವರ್ಷ ಸೈಲೆನ್ಸರು ತುಕ್ಕು ಹಿಡಿದು ತೂತಾಗಿ, ಅಪ್ಪ ಬ್ಯಾಂಕಿನಿಂದ ಹೊರಟರೆ ಅವ್ವ ಇಲ್ಲಿ ಚಹಾಕ್ಕೆ ನೀರಿಡುವಷ್ಟು ಸದ್ದಾಗಿತ್ತು.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಳು. ಬರೋಡಾದಲ್ಲೇ ಇರುವ ಗೋರ್ವಾ ಬಡಾವಣೆಯ ಒಂದು ಕಾರ್ಖಾನೆ ಅವಳನ್ನು ಕರೆದಿತ್ತು. ಆಫೀಸಿಗಲ್ಲ, ಯಂತ್ರಗಳು ತಿರುಗುವ ಶೆಡ್ಡಿಗೆ. ಸೋಮವಾರ ಬಂದು ಸೇರಬೇಕು ಎಂದಿದ್ದರು. ಅವಳ ಮುಖ ಟ್ಯೂಬ್‌ಲೈಟಿನಂತೆ ಹೊಳೆಯುತ್ತಿತ್ತು, ಅಪ್ಪನ ಮುಖ ಕರೆಂಟು ಹೋದಂತಿತ್ತು.

“ಆಫೀಸಿನ್ಯಾಗ ಕೂಡೂ ಕೆಲಸ ಇದ್ರ ಹೋಗು,” ಅಂದರು ಅಪ್ಪ. “ಎಣ್ಣಿ, ಕಬ್ಬಿಣ, ಭಾರ ಎತ್ತೂದು, ಇವೆಲ್ಲಾ ನಿನ್ನ ಕೈಲೆ ಆಗೂ ಮಾತಲ್ಲ. ಮನೀ ಗಾಡಿ ಎತ್ತಲಿಕ್ಕೆ ಆಗೂದಿಲ್ಲ, ಕಾರ್ಖಾನಿ ಎತ್ತತಾಳಂತ!”

ಅಪ್ಪ ಮಾತಿನ ಭರಕ್ಕೆ ಅಂದದ್ದು. ಅಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಎತ್ತತೀನ್ರಿ. ಭಾನುವಾರ ನಮ್ಮ ಗಾಡಿ ಎತ್ತಿ, ಕೆಳಗ ಹೋಗಿ, ಹೊಸಾ ಸೈಲೆನ್ಸರ್ ಕೂಡಿಸತೀನಿ. ಸೋಮವಾರ ಗೋರ್ವಾಕ್ಕ ಹೋಗತೀನಿ. ಒಪ್ಪಿಗ್ಯೋ?”

“ಆಗ್ಲಿ, ಒಪ್ಪಿಗಿ,” ಅಂದರು ಅಪ್ಪ, ಆಗುವುದಿಲ್ಲ ಎಂಬ ಧೈರ್ಯದಲ್ಲಿ.

ಕಾರು ಎತ್ತುವುದೆಂದರೆ ಏನು ಮಹಾ ಎಂದುಕೊಂಡಿದ್ದೆ. ಡಿಕ್ಕಿಯಲ್ಲಿ ಜಾಕ್ ಇದೆ, ತಿರುಗಿಸಿದರೆ ಏಳುತ್ತದೆ. ಅಕ್ಕ ತಗಡಿನ ಶೆಡ್ಡಿನಲ್ಲಿ ಅದನ್ನೇ ಇಟ್ಟು ಒಂದು ಮಗ್ಗುಲು ಎತ್ತಿ, ನನ್ನನ್ನು ಕರೆದು, “ಬಾನೆಟ್ಟಿಗೆ ಸ್ವಲ್ಪ ಒರಗಿ ನಿಂದ್ರು” ಅಂದಳು. ನಿಂತೆ. ಸೂರತ್ ಅತ್ತೆ ಮದುವೆ ಮನೆಯಲ್ಲಿ ಕುಣಿದ ಹಾಗೆ ಸೊಂಟ ತಿರುಗಿಸಿದಳು. ನಾನು ಹಾರಿ ಬಾಗಿಲಾಚೆ ಬಿದ್ದೆ.

“ಇದು ಟೈರ್ ಬದಲಿ ಮಾಡಲಿಕ್ಕೆ. ಇದರ ಭರೋಸೆ ಮ್ಯಾಲೆ ಕೆಳಗ ಯಾರೂ ತಲಿ ಹಾಕಬಾರದು,” ಅಂದಳು. “ಎತ್ತೂದು ಬ್ಯಾರೆ, ಹಿಡಿಯೂದು ಬ್ಯಾರೆ.”

ಸುದ್ದಿ ಹರಡಿತು. ಹರಡಿದವನು ಯಾರೆಂದು ಮತ್ತೆ ಹೇಳಬೇಕೇ? ಒಬ್ಬೊಬ್ಬರೂ ಒಂದೊಂದು ಉಪಾಯ ಹೊತ್ತುಕೊಂಡು ಬಂದರು. ಅಪ್ಪನೇ ಎದುರಾಳಿಯಾಗಿದ್ದರೂ ಸಲಹೆ ಕೊಡುವ ಚಪಲ ತಡೆಯಲಾರದೆ, “ಇಟ್ಟಂಗಿ ಇಡಬೇಕು, ನಮ್ಮ ಕಡೆ ಟ್ರಕ್ಕಿನವರು ಹಂಗೇ ಮಾಡತಾರ” ಅಂದರು. ಅಕ್ಕ ಒಂದು ಇಟ್ಟಿಗೆ ನಿಲ್ಲಿಸಿ ಸುತ್ತಿಗೆಯಿಂದ ಬಡಿದಳು. ಅದು ಬಿರುಕು ಬಿಡುವುದರ ಬದಲು ಒಮ್ಮೆಗೇ ಪುಡಿಯಾಯಿತು. “ಹೇಳದೇ ಕೇಳದೇ ಹೋಗೂದು ಇದರ ಗುಣ,” ಎಂದು ಪೊರಕೆ ತಂದಳು.

ಅಲ್ಕಾಪುರಿಯ ಭಟ್ಟರು ಇನ್ನೂ ದೊಡ್ಡ ಮನಸ್ಸಿನವರು. “ಎಂತ ಮಾರಾಯ್ತಿ, ನಮ್ಮ ಹೋಟೆಲಿನ ಹಳೇ ರುಬ್ಬುವ ಕಲ್ಲು ಹಿತ್ತಿಲಲ್ಲಿ ಬಿದ್ದುಕೊಂಡುಂಟು. ಗ್ರೈಂಡರ್ ಬಂದ ಮೇಲೆ ಅದಕ್ಕೆ ಕೆಲಸ ಇಲ್ಲ. ನಾಲ್ಕು ಜನ ಸೇರಿದರೂ ಅಲುಗುವುದಿಲ್ಲ. ಅದರ ಮೇಲೆ ಕಾರು ಕೂರಿಸು!” ನಾಲ್ಕು ಜನಕ್ಕೆ ಅಲುಗದ ಕಲ್ಲನ್ನು ಕಾರಿನಡಿಗೆ ಸರಿಸುವವರು ಯಾರು ಎಂದು ನಾನು ಅವರದೇ ರಾಗದಲ್ಲಿ ಕೇಳಿದೆ. ಭಟ್ಟರು ನಕ್ಕು, ಮಸಾಲೆದೋಸೆ ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟರು, ನನಗೆ ಕೊಡಲಿಲ್ಲ.

ಪಕ್ಕದ ಕಾಕಾನಿಗೆ ಸಲಕರಣೆಯೇ ಬೇಡ. ತೋಳು ಮಡಚಿ, “ಹುಂ ಛುಂ ನೇ!” ಎಂದರು. ನಾನಿದ್ದೀನಲ್ಲ, ಅಂತ. ಇದ್ದರು, ನಿಜ. ಆದರೆ ಹಾಲಿನ ಕ್ಯಾನು ಎತ್ತಿದಾಗಲೇ ಅವರ ಸೊಂಟ ಹಿಡಿದು ವಾರ ಮಲಗಿದ್ದು ನಮಗೆಲ್ಲ ಗೊತ್ತಿತ್ತು.

ಅಕ್ಕನಿಗೆ ಬೇಕಾದದ್ದು ಬೇರೆ. ಎತ್ತುವುದಕ್ಕೆ, ಚಕ್ರದ ಮೇಲೆ ಉರುಳುವ ಎಣ್ಣೆಯ ಜಾಕ್. ಎತ್ತಿದ್ದನ್ನು ಹಿಡಿಯುವುದಕ್ಕೆ, ಕಾಲು ಅಗಲಿಸಿ ನಿಲ್ಲುವ ಎರಡು ಕಬ್ಬಿಣದ ಸ್ಟ್ಯಾಂಡು. ಎಣ್ಣೆಯ ಜಾಕ್ ಎಷ್ಟೇ ಬಲವಾಗಿದ್ದರೂ ಒಳಗೆ ಎಣ್ಣೆ ಜಿನುಗಿದರೆ ಮೆಲ್ಲಗೆ ಇಳಿಯುತ್ತದೆ, ಸ್ಟ್ಯಾಂಡಿಗೆ ಪಿನ್ನು ಹಾಕಿಬಿಟ್ಟರೆ ಇಳಿಯುವ ಪ್ರಶ್ನೆಯೇ ಇಲ್ಲ. ಆ ಸ್ಟ್ಯಾಂಡಿಗೆ ಅಲ್ಲಿನ ಮಿಸ್ತ್ರಿಗಳು ಹೇಳುವ ಹೆಸರು ‘ಘೋಡಿ’, ಅಂದರೆ ಹೆಣ್ಣು ಕುದುರೆ. ನೋಡಿದರೆ ನಾಲ್ಕು ಕಾಲಿನ ಕುದುರೆ ಮರಿಯಂತೆಯೇ ಇರುತ್ತದೆ. ಇವನ್ನು ಬಾಡಿಗೆಗೆ ಕೊಡುವ ಅಂಗಡಿಗೆ ಅಕ್ಕ ಫೋನು ಮಾಡಿದ್ದಳು. ಆ ಮನುಷ್ಯ, “ಬೇಟಿ, ಪಪ್ಪಾ ಕೋ ಬೋಲೋ ಫೋನ್ ಕರೇ”, ಅಪ್ಪನಿಗೆ ಫೋನು ಮಾಡಲು ಹೇಳು, ಎಂದು ಇಟ್ಟುಬಿಟ್ಟಿದ್ದ.

ನನಗೆ ರೇಗಿತು. ಪಪ್ಪಾ ಬೇಕೇ? ಪಪ್ಪಾನ ದನಿ ನನ್ನ ಗಂಟಲಲ್ಲೇ ಇದೆಯಲ್ಲ! ಅಕ್ಕನನ್ನು ಕೇಳದೆ, ಅಂಗಡಿಯ ಹೆಸರು ತಿಳಿಯದೆ, ನೇರ ಕಾಕಾನ ಬಳಿ ಹೋಗಿ, “ಕಾಕಾ, ಘೋಡಿ ಬಾಡಿಗೆಗೆ ಎಲ್ಲಿ ಸಿಗುತ್ತೆ?” ಎಂದು ಕೇಳಿದೆ. ಕಾಕಾ ಒಂದು ಕ್ಷಣವೂ ಯೋಚಿಸದೆ ನಂಬರು ಕೊಟ್ಟರು. ಅವರ ಮಗನ ಮದುವೆ ಅದೇ ವರ್ಷ ಆಗಿತ್ತು, ಕುದುರೆ ಮೆರವಣಿಗೆಯ ಸಮೇತ. ಆಗಲಾದರೂ ನನಗೆ ಹೊಳೆಯಬಾರದಿತ್ತೇ?

ಆ ನಂಬರಿಗೆ ಫೋನು ಮಾಡಿ, ಅಪ್ಪನ ದನಿಯಲ್ಲಿ, ಅಪ್ಪನ ಧಾರವಾಡದ ಹಿಂದಿಯಲ್ಲಿ ಗುಡುಗಿದೆ: “ಘೋಡೀ ಹೋನಾ ಹಮಕೋ. ಮಜಬೂತ್ ಹೋನಾ.” ಘೋಡಿ ಬೇಕು, ಗಟ್ಟಿಯಾದದ್ದು ಬೇಕು, ಅಂತ.

“ಏಕದಮ್ ಮಜಬೂತ್, ಸಾಹೇಬ್.”

“ಹಿಲೇಗೀ ತೋ ನಹೀಂ?” ಅಲುಗಾಡುವುದಿಲ್ಲ ತಾನೇ?

“ಬಹುತ್ ಶಾಂತ್ ಹೈ, ಸಾಹೇಬ್. ಪಟಾಕಿ ಫೂಟೇ ತೋ ಭೀ ನಹೀಂ ಹಿಲೇಗೀ.” ಪಟಾಕಿ ಸಿಡಿದರೂ ಅಲುಗದಂತೆ! ಗುಜರಾತಿನ ಕಬ್ಬಿಣದ ಬಗ್ಗೆ ನನಗೆ ಗೌರವ ಹೆಚ್ಚಿತು.

“ಸಜಾ ಕೇ ಭೇಜೂಂ?” ಅಲಂಕಾರ ಮಾಡಿ ಕಳಿಸಲೇ? ಹೊಸ ಬಣ್ಣ ಬಳಿದು ಕೊಡುತ್ತಾನೆಂದುಕೊಂಡು, “ಹಾಂ, ಲಾಲ್ ಅಚ್ಛಾ ದಿಖತಾ”, ಕೆಂಪು ಚೆನ್ನಾಗಿ ಕಾಣುತ್ತೆ, ಎಂದೆ. ಎರಡು ಬೇಕು ಎಂದಾಗ ಅವನು ನಕ್ಕು, ಒಂದೇ ಸಾಕು, ಎಂಥ ಭಾರದವರನ್ನೂ ಹೊತ್ತಿದ್ದಾಳೆ ಎಂದ. ‘ಹೊತ್ತಿದ್ದಾಳೆ’. ವ್ಯಾಕರಣ ನನ್ನ ಕಿವಿ ಹಿಂಡಿತು, ನಾನು ಗಮನಿಸಲಿಲ್ಲ.

ಭಾನುವಾರ ಅವಳು ಬಂದಳು. ಕೆಂಪು ಜರಿ, ಗೆಜ್ಜೆ, ತಲೆಯ ಮೇಲೆ ತುರಾಯಿ. ಇಡೀ ಕಾಲೊನಿ ಗೇಟಿಗೆ ಬಂತು. ಏನಿದು ಎಂದು ಗುಡುಗುತ್ತ ಅಪ್ಪ ಬನಿಯನ್ನಿನಲ್ಲೇ ಹೊರಬಂದರು. ಕಾಕಾ ಅವರ ಎರಡೂ ಕೈ ಹಿಡಿದು ಅಭಿನಂದಿಸಿದರು. ಕುದುರೆ ಹತ್ತುವವನು ವರ, ನಮ್ಮ ಮನೆಯಲ್ಲಿ ಮದುವೆಯಾಗದ ಗಂಡು ಎಂದರೆ ನಾನೊಬ್ಬನೇ. ಕಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಟಲಾ ನಾನಾ ಛೋಕರಾನಾ ಲಗ್ನ?” ಅಂದರು. ಇಷ್ಟು ಚಿಕ್ಕ ಹುಡುಗನಿಗೆ ಮದುವೆಯೇ, ಅಂತ. ನನಗೆ ಆಗ ಮೀಸೆಯೂ ಇರಲಿಲ್ಲ, ನೋಡಿ.

ಅವ್ವನೊಬ್ಬಳೇ ಗಲಿಬಿಲಿಗೊಳ್ಳಲಿಲ್ಲ. “ಬಂದದ್ದು ಬಂದದ, ಬೆಲ್ಲಾ ತಿಂದು ಹೋಗಲಿ,” ಎಂದು ಒಳಗೆ ಹೋದಳು. ಕುದುರೆಯವನು ತನಗೆ ಫೋನು ಮಾಡಿದ್ದು ಸಾಹೇಬರೇ, ಇದೇ ದನಿ ಎಂದು ಅಪ್ಪನತ್ತ ಬೆರಳು ಮಾಡಿದ. ಅಪ್ಪ ಮೆಲ್ಲಗೆ ನನ್ನತ್ತ ತಿರುಗಿದರು. ಓಡುವುದಕ್ಕೆ ದಾರಿ ಇರಲಿಲ್ಲ, ಹಾಗಾಗಿ ಹತ್ತಿದೆ. ಕುದುರೆಯನ್ನೇ. ಕಾಲೊನಿಯನ್ನು ಒಂದು ಸುತ್ತು ಹಾಕಿ, ನಾಚಿಕೊಂಡ ವರನ ನಗೆ ನಗುತ್ತ ಎಲ್ಲರಿಗೂ ಕೈ ಮುಗಿದೆ. ಬೈಗುಳ ಹೇಗೂ ಖಾತ್ರಿ, ಮೆರವಣಿಗೆ ಯಾಕೆ ಬಿಡಬೇಕು?

ಸುತ್ತು ಮುಗಿಸಿ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಕಾಕಾನ ಸ್ಕೂಟರು ಏರಿ ತಾನೇ ಅಂಗಡಿಗೆ ಹೋಗಿದ್ದಳು. ಅಲ್ಲಿಯೂ ಅವನು ಪಪ್ಪಾ ಎಲ್ಲಿ ಎಂದನಂತೆ. “ಪಪ್ಪಾ ಘೋಡಿ ಕೋ ಗುಡ್ ಖಿಲಾ ರಹೇ ಹೈಂ,” ಅಂದಳಂತೆ ಅಕ್ಕ. ಪಪ್ಪಾ ಕುದುರೆಗೆ ಬೆಲ್ಲ ತಿನ್ನಿಸುತ್ತಿದ್ದಾರೆ, ಅಂತ. ಅವನು ಮುಂದೆ ಏನೂ ಕೇಳದೆ ಜಾಕು, ಎರಡು ಘೋಡಿ ಕೊಟ್ಟು ಕಳಿಸಿದ. ಅವನ್ನು ರಿಕ್ಷಾಕ್ಕೆ ಹೇರಿಸಿ, ತಾನು ಸ್ಕೂಟರಿನಲ್ಲಿ ಅದರ ಮುಂದೆ ಬಂದು ಇಳಿಸಿದಳು.

ಕುದುರೆ ನೋಡಲು ಬಂದವರು ಕಾರು ನೋಡಲು ನಿಂತರು. ಅಕ್ಕ ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟಳು. “ಹ್ಯಾಂಡ್‌ಬ್ರೇಕ್ ಎಳೆದರೆ ಸಾಕಲ್ಲ?” ಎಂದರು ಕಾಕಾ. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರ, ಅವೇ ಗಾಳಿಯಲ್ಲಿದ್ದರೆ ಅದು ಹಿಡಿಯುವುದು ಏನನ್ನು ಎಂದಳು. ಕಾಕಾ ತಮ್ಮ ಸ್ಕೂಟರನ್ನು ಒರೆಸತೊಡಗಿದರು. ಹಿಂಭಾಗ ಎತ್ತಿ, ಆ್ಯಕ್ಸಲಿನ ಅಡಿಗೆ ಎರಡೂ ಕಡೆ ಘೋಡಿ ಸರಿಸಿ, ಜಾಕ್ ಇಳಿಸಿ, ಭಾರವೆಲ್ಲ ಅವುಗಳ ಮೇಲೆ ಕೂರಿಸಿದಳು. ಆಮೇಲೆ ಭುಜ ಕೊಟ್ಟು ಕಾರನ್ನು ಜೋರಾಗಿ ನೂಕಿದಳು. ಮತ್ತೊಮ್ಮೆ ನೂಕಿದಳು. ಸೂರತ್ ಅತ್ತೆ ಜನ್ಮದಲ್ಲಿ ಮೊದಲ ಬಾರಿಗೆ ಸುಮ್ಮನೆ ನಿಂತಿದ್ದಳು.

ಅಕ್ಕ ಕೆಳಗೆ ಹೋದಳು. ಹೊರಗೆ ಕಾಣುತ್ತಿದ್ದುದು ಎರಡು ಚಪ್ಪಲಿ ಮಾತ್ರ. ತುಕ್ಕು ಹಿಡಿದ ಬೋಲ್ಟು ಕಿರುಗುಟ್ಟಿದಾಗಲೆಲ್ಲ ಜನ ‘ಅರೆ ರೇ’ ಎನ್ನುತ್ತಿದ್ದರು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಬೆತ್ತದ ಪೀಠ ಹಾಕಿಸಿಕೊಂಡು ಕೂತು ಚಹಾ ತರಿಸಿಕೊಂಡರು, ಪೇಪರು ಬಿಡಿಸಿದರು. ನಾನು ಅವರನ್ನು ಅಣಕಿಸಲೆಂದೇ ನೋಡುತ್ತಿದ್ದೆ, ಆದರೆ ಅವರು ಪುಟ ತಿರುಗಿಸುತ್ತಲೇ ಇರಲಿಲ್ಲ.

ಕೊನೆಗೆ ಹಳೆಯ ಸೈಲೆನ್ಸರು ಹೊರಗೆ ಉರುಳಿ ಬಂತು. ಹೊಸದು ಒಳಗೆ ಹೋಯಿತು. ಅದನ್ನು ಕೂಡಿಸಿ, ಕೂದಲ ತುಂಬ ತುಕ್ಕಿನ ಪುಡಿ ಹೊತ್ತು ಅಕ್ಕ ಹೊರಬಂದಳು. ಕಾರು ಚಾಲೂ ಮಾಡಿದಳು. ಸದ್ದಿಲ್ಲ. ನನ್ನ ಅಣಕದ ಪಟ್ಟಿಯಿಂದ ಒಂದು ದನಿ ಆ ದಿನ ಶಾಶ್ವತವಾಗಿ ಕಡಿಮೆಯಾಯಿತು.

ಜನ ಚಪ್ಪಾಳೆ ತಟ್ಟಿದರು. ಅಪ್ಪ ತಟ್ಟಲಿಲ್ಲ. ಸೋಲೊಪ್ಪಲು ಇನ್ನೂ ಒಂದು ಮೆಟ್ಟಿಲು ಬಾಕಿಯಿತ್ತು. “ಸದ್ದು ನಿಂತದ, ಖರೆ. ಆದ್ರ ಗಟ್ಟಿ ಕೂಡಿಸೀಯೋ ಇಲ್ಲೋ ಯಾರು ನೋಡ್ಯಾರ?”

“ಎಂಜಿನ್ ಬಂದ್ ಮಾಡೀನಿ. ನೀವ ಕೆಳಗ ಹೋಗಿ ನೋಡಿ ಬರ್ರಿ,” ಅಂದಳು ಅಕ್ಕ.

ಮೊನ್ನೆ ಆ ಮೆರವಣಿಗೆಯ ಹಿಂದೆ ನಿಂತು ನಗುತ್ತಿದ್ದವನು, ನೆನಪು ಇಲ್ಲಿಗೆ ಬಂದಾಗ ಮಾತ್ರ ನಗು ನಿಲ್ಲಿಸಿದೆ. ಇಷ್ಟು ವರ್ಷ ಈ ಕಥೆಯನ್ನು ನನ್ನ ಕುದುರೆಯ ಕಥೆ ಎಂದು ಹೇಳುತ್ತ ಬಂದಿದ್ದೆ. ಅದು ನನ್ನದಾಗಿರಲೇ ಇಲ್ಲ.

ಅಪ್ಪ ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ಕತ್ತು ಬಗ್ಗಿಸಿದರು. ಎರಡು ಪುಟ್ಟ ಘೋಡಿಗಳನ್ನೂ, ಅವುಗಳ ಮೇಲಿದ್ದ ಅಷ್ಟು ದೊಡ್ಡ ಕಾರನ್ನೂ ನೋಡಿದರು. ಹಾಗೇ ಬಗ್ಗಿಕೊಂಡು, ಬಹಳ ಸಣ್ಣ ದನಿಯಲ್ಲಿ ಕೇಳಿದರು: “ಬೀಳೂದಿಲ್ಲಲ್ಲಾ?”

ಅಕ್ಕ ಕೈ ಒರೆಸಿಕೊಳ್ಳುತ್ತ ಅಂದಳು: “ಬೀಳೂ ಹಂಗಿದ್ರ, ಇಷ್ಟೊತ್ತು ನನ್ನ ಕೆಳಗ ಬಿಟ್ಟು ನೀವು ಚಾ ಕುಡಕೋತ ಕೂಡ್ತಿದ್ರೇನ್ರಿ, ಅಪ್ಪಾ?”