ಎಂಟು ನೂರು ಎಡತೋಳು

ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಟಿಂಗ್ ಅಕ್ಕ ಎಂದೇ ಕರೆಯುತ್ತಾರೆ. ಮನೆಯಲ್ಲಿ ಗಂಡನೂ ತಮಾಷೆಗೆ ಹಾಗೇ ಕರೆದು ಬೈಸಿಕೊಳ್ಳುತ್ತಾನೆ. ಇಪ್ಪತ್ತಾರು ವರ್ಷದಿಂದ ಉದ್ದನೆಯ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುತ್ತಿರುವ ಹೆಂಗಸು. ಮೇಜಿನ ಮುಂದೆ ಅವಳಿಗೆ ಗೊಂದಲ ಎನ್ನುವುದೇ ಇಲ್ಲ. ಗೊಂದಲವೆಲ್ಲ ಮೇಜು ಬಿಟ್ಟು ಆಚೆ ಬಂದ ಮೇಲೆ.

ಅಂಥವಳಿಗೆ ಒಂದು ದಿನ ಚಿನಕುರುಳಿಯ ಫೋನ್ ಬಂತು. ಹಿಂದೆ ಅದೇ ಮೇಜಿನ ಎದುರು ಬದಿಗೆ ನಿಲ್ಲುತ್ತಿದ್ದ ಗೆಳತಿ. ಬಾಯಿ ತೆರೆದರೆ ಪಟಪಟ ಸಿಡಿಯುತ್ತಾಳೆಂದು ಕಾರ್ಖಾನೆಯವರೇ ಇಟ್ಟ ಹೆಸರು ಅದು.

"ಶನಿವಾರ ಭಾನುವಾರ ಸಿಟಿ ಸುತ್ತೋಣ ಬಾರೇ. ನೀನು, ನಾನು, ಅಷ್ಟೇ. ಲಾಡ್ಜ್ ಬುಕ್ ಮಾಡಾಯ್ತು. ಇಲ್ಲ ಅಂದ್ರೆ ನೋಡು!"

ಇಲ್ಲ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವರಿಬ್ಬರ ಮೇಜಿನಿಂದ ನಾನೂರು ಶರ್ಟಿಗೆ ಎಂಟು ನೂರು ತೋಳುಗಳು ಕತ್ತರಿಸಿಕೊಂಡು ಹೋದವು. ಎಂಟು ನೂರೂ ಎಡಗೈಯವೇ! ಬಟ್ಟೆ ಹಾಸಿದವಳು ಅಕ್ಕ, ಮೇಲೆ ಕಾಗದದ ಅಚ್ಚು ಇಟ್ಟು ಕತ್ತರಿಸಿದವಳು ಚಿನಕುರುಳಿ. ಸೂಪರ್‌ವೈಸರ್ ಕಿರುಚಾಡಿದಾಗ ಚಿನಕುರುಳಿ ಮುಂದೆ ಬಂದು "ನನ್ನ ತಪ್ಪು ಸಾರ್" ಎಂದಳು. ಆ ಸಂಜೆಯೇ ಅವಳ ಕೆಲಸ ಹೋಯಿತು. ಬಟ್ಟೆಯನ್ನು ತಾನೇ ತಪ್ಪಾಗಿ ಹಾಸಿದ್ದೆಂದು ಅಕ್ಕನಿಗೆ ಖಾತ್ರಿಯಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು, ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ದುಡಿಮೆಯಿಂದ. ಇದು ಕಾರಣವೇ ಹೊರತು ಸಮಾಧಾನವಲ್ಲ. ಈಗ ಚಿನಕುರುಳಿ ಕರೆದಿರುವುದು ಯಾಕೆ? ಬೈಯಲಿಕ್ಕೋ, ಕ್ಷಮಿಸಲಿಕ್ಕೋ? ಯಾವುದಾದರೂ ಆಗಲಿ, ಈ ಎರಡು ದಿನದಲ್ಲಿ ಹೇಳಿಯೇ ಬಿಡಬೇಕು ಎಂದು ಅಕ್ಕ ಬಸ್ಸು ಹತ್ತಿದಳು.

ಹೇಳಲು ಬಿಟ್ಟರೆ ತಾನೇ! ಶನಿವಾರವಿಡೀ ಚಿನಕುರುಳಿ ಅವಳನ್ನು ದರದರ ಎಳೆದುಕೊಂಡು ತಿರುಗಿದಳು. ಮ್ಯೂಸಿಯಂ ಆಯಿತು, ಮೂವತ್ತು ಮಹಡಿಯ ಕಟ್ಟಡದ ಲಿಫ್ಟ್ ಆಯಿತು, ಮೃಗಾಲಯವೂ ಆಯಿತು.

"ನಿಂಗೊಂದು ವಿಷಯ ಹೇಳ್ಬೇಕಿತ್ತು ಕಣೇ."

"ಆಮೇಲೆ ಹೇಳು. ಮೊದ್ಲು ಆ ಜಿರಾಫೆ ನೋಡು, ನಮ್ಮತ್ತೆ ಥರಾನೇ ಮೇಲಿಂದ ನೋಡ್ತಿದೆ!"

ಇವಳು ಎಲ್ಲ ಮರೆತಿದ್ದಾಳೋ, ಗೊತ್ತಿದ್ದೂ ಆಟವಾಡಿಸುತ್ತಿದ್ದಾಳೋ, ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ನಗು ಬಂದಾಗ ನಕ್ಕಳು, ನಕ್ಕಿದ್ದಕ್ಕೆ ತನಗೆ ತಾನೇ ಬೈದುಕೊಂಡಳು.

ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋದರು. ಚಿನಕುರುಳಿ ಮೊಮ್ಮಗಳಿಗೆಂದು ಒಂದು ಪುಟ್ಟ ಫ್ರಾಕ್ ಎತ್ತಿದಳು. ಅಕ್ಕ ಅಭ್ಯಾಸದಂತೆ ಅದರ ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿ ಮುಖ ಸಿಂಡರಿಸಿದಳು. "ಥೂ, ಇದನ್ನ ಯಾಕೆ ತಗೋತೀಯ? ನೀನೇ ಕತ್ತರಿಸಿ ಹೊಲಿದ್ರೆ ಇದರಪ್ಪನಂಥದ್ದು ಆಗುತ್ತೆ."

"ನಾನಾ? ಕತ್ತರಿ ಮುಟ್ಟಿ ಇಪ್ಪತ್ತೆರಡು ವರ್ಷ ಆಯ್ತು."

ಅಕ್ಕ ಫ್ರಾಕನ್ನು ಹಿಂದಕ್ಕೆ ಇಟ್ಟಳು. ಅಲ್ಲೇ, ಫ್ರಾಕುಗಳ ಸಾಲಿನ ನಡುವೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ತಪ್ಪು ನನ್ನದು, ಪಿಟ್ಟೆನ್ನದೆ ನಿಂತೆ, ನನಗೋಸ್ಕರ ನೀನು ಕೆಲಸ ಕಳೆದುಕೊಂಡೆ.

ಚಿನಕುರುಳಿ ಕಕ್ಕಾಬಿಕ್ಕಿಯಾದಳು. "ನಿಂಗೋಸ್ಕರಾನಾ? ತಲೆ ನೆಟ್ಟಗಿದೆಯಾ? ತಪ್ಪು ನಂದೇ ಇತ್ತು, ಅದಕ್ಕೇ ನಂದು ಅಂದೆ."

"ಒಂದು ಪದರ ಕವುಚಿ, ಬಟ್ಟೆಯ ಮುಖಕ್ಕೆ ಮುಖ ಸೇರಿಸಿ ಹಾಸು ಅಂದಿದ್ರು ಸೂಪರ್‌ವೈಸರ್. ನಾನು ಎಲ್ಲ ಮುಖ ಮೇಲೆ ಮಾಡಿ ಹಾಸಿದೆ."

"ಇಲ್ಲ ಕಣೇ. ಮುಖ ಮೇಲೇನೇ ಇರ್ಲಿ, ಅಚ್ಚು ಒಂದ್ಸಲ ಹೀಗೆ, ಒಂದ್ಸಲ ಮಗುಚಿ ಇಡು ಅಂದಿದ್ರು. ನಾನು ಮಗುಚೋದು ಮರ್ತೆ."

ಅಂಗಡಿಯ ಹುಡುಗಿ ಬಂದು "ಸೈಜ್ ನೋಡ್ಬೇಕಾ ಮೇಡಂ?" ಎಂದಳು. ಇಬ್ಬರೂ ಒಟ್ಟಿಗೆ "ಬೇಡ" ಎಂದರು.

ಎದುರಿನ ಹೋಟೆಲಿನಲ್ಲಿ ಕೂತರು. ಕಾಫಿ ಆರಿಹೋಯಿತು. ಒಂದು ಬದಿಗೆ ಮಾತ್ರ ಹೂವಿದ್ದ ಕಾಗದದ ಕರವಸ್ತ್ರಗಳನ್ನು ಮೇಜಿನ ಮೇಲೆ ಹಾಸಿದರು. ಹೂವಿಗೆ ಹೂ ಸೇರಿಸಿ ಇಟ್ಟು ತೋಳಿನ ಆಕಾರಕ್ಕೆ ಹರಿದರೆ ಎಡ ಒಂದು, ಬಲ ಒಂದು. ಹೂವೆಲ್ಲ ಮೇಲೆ ಮಾಡಿ ಇಟ್ಟರೆ ಎರಡೂ ಎಡವೇ. ಅಚ್ಚು ಮಗುಚಿದರೆ ಮಾತ್ರ ಬಲಗೈ ಹುಟ್ಟುತ್ತಿತ್ತು. ಆವತ್ತು ಯಾವ ಅಪ್ಪಣೆಯಾಗಿತ್ತು ಎಂಬುದರ ಮೇಲೆ ತಪ್ಪು ಇವಳದ್ದೂ ಆಗಬಹುದು, ಅವಳದ್ದೂ ಆಗಬಹುದು. ಹೇಳಬೇಕಾಗಿದ್ದ ಸೂಪರ್‌ವೈಸರ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಕ್ಕ ನಾಲ್ಕು ಸಲ ಹಾಸಿದಳು, ಚಿನಕುರುಳಿ ನಾಲ್ಕು ಸಲ ಹರಿದಳು. ಏನೂ ಬಗೆಹರಿಯಲಿಲ್ಲ.

"ಹಾಗಾದ್ರೆ ನನ್ನ ತಪ್ಪು ಇಲ್ದೇನೂ ಇರಬಹುದಿತ್ತಾ?" ಎಂದಳು ಚಿನಕುರುಳಿ. ಅವಳ ದನಿ ಇಷ್ಟು ಸಣ್ಣದಾಗಿದ್ದನ್ನು ಅಕ್ಕ ಎಂದೂ ಕೇಳಿರಲಿಲ್ಲ.

"ಇರಬಹುದಿತ್ತು."

"ಕೆಲಸ ಹೋದ ವರ್ಷಾನೇ ಮಗಳನ್ನ ಸ್ಕೂಲಿಗೆ ಸೇರಿಸಿದಾಗ ಫ್ರಾಕಿಗೆ ಬಟ್ಟೆ ತಂದಿದ್ದೆ. ಮೇಜಿನ ಮೇಲೆ ಹರಡಿ, ಕತ್ತರಿ ಹಿಡ್ಕೊಂಡು ನಿಂತೆ. ನನ್ನ ಕೈ ಸರಿಯಿಲ್ಲ, ಹಾಳು ಮಾಡ್ತೀನಿ ಅನ್ನಿಸ್ತು. ಮಡಚಿ ಟೈಲರ್‌ಗೆ ಕೊಟ್ಟೆ. ಅಲ್ಲಿಂದ ಇವತ್ತಿನವರೆಗೂ ಎಲ್ಲ ಹೊರಗೇ." ಅವಳು ಹರಿದ ಕಾಗದದ ತೋಳುಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದಳು. "ಅವತ್ತೇ ಸೂಪರ್‌ವೈಸರ್ ಮುಂದೆ ನಂದು ತಪ್ಪು ಅಂತ ನೀನೂ ಅಂದಿದ್ರೆ, ನಂದು ನಿಂದು ಅಂತ ಜಗಳ ಆಡಿರ್ತಿದ್ವಿ. ಕೆಲಸ ಇಬ್ರದ್ದೂ ಹೋಗಿರೋದು. ಕತ್ತರಿ ಮಾತ್ರ ನಾನು ಬಿಡ್ತಿರ್ಲಿಲ್ಲ ಕಣೇ."

ಗೆಳತಿಯ ಕೆಲಸ ಹೋದದ್ದಕ್ಕೆ ಕ್ಷಮೆ ಕೇಳಲು ಅಕ್ಕ ಇಪ್ಪತ್ತೆರಡು ವರ್ಷದಿಂದ ಮಾತು ಜೋಡಿಸಿಟ್ಟುಕೊಂಡಿದ್ದಳು. ಕತ್ತರಿ ಬಿಡಿಸಿದ್ದಕ್ಕೂ ಕ್ಷಮೆ ಕೇಳಬೇಕಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.