ಮಂತ್ರಿ ಅಕ್ಕಾವ್ರಿಗೆ ತಂದ ಗುಲಾಬಿ ರುಮಾಲು

ಗೌಡರು ಗುಲಾಬಿ ರುಮಾಲು ಹಿಡಿದುಕೊಂಡು ಮಂತ್ರಿಗಳ ಮುಂದೆ ನಿಂತರು… ನಿಂತೇಬಿಟ್ಟರು!

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡಿ ತಾಲೂಕಿನ ನಮ್ಮ ಊರಿಗೆ ಶಾಲೆಯ ಹೊಸ ಕೋಣೆ ಉದ್ಘಾಟಿಸಲು ಮಂತ್ರಿಗಳು ಬಂದಿದ್ದರು. ದೊಡ್ಡವರು ಬಂದರೆ ತಲೆಗೆ ರುಮಾಲು ಸುತ್ತಿ ಸನ್ಮಾನ ಮಾಡುವುದು ನಮ್ಮ ಕಡೆಯ ಪದ್ಧತಿ.

ಈ ಸಲ ಬರುವವರು ಹೆಣ್ಣುಮಗಳು ಅಂತ ಊರಿಗೆಲ್ಲ ಗೊತ್ತಿತ್ತು. ಆದರೂ ಶಾಲಾ ಕಮಿಟಿಯ ಗಂಡಸರು ರೂಢಿಯ ಪ್ರಕಾರ ಬಾಗೇವಾಡಿಗೆ ಹೋಗಿ ರೇಷ್ಮೆ ರುಮಾಲು ತಂದಿದ್ದರು. ಒಬ್ಬರಿಗೂ ಹೊಳೆದಿರಲಿಲ್ಲ.

ಸೆರಗು ಹೊದ್ದ ತಲೆಗೆ ರುಮಾಲು ಸುತ್ತುವುದು ಹೇಗೆ? ಗೌಡರು ಬೆವೆತರು. ಮೈಕಿನವನಾದರೂ ಸುಮ್ಮನಿರಬೇಕೋ ಬೇಡವೋ, "ಈಗ ರುಮಾಲು ಸುತ್ತಿ ಸನ್ಮಾನ" ಅಂತ ಇನ್ನೊಮ್ಮೆ ಕೂಗಿದ.

ಹೆಂಗಸರಿಗೆ ವೇದಿಕೆಯ ಹತ್ತಿರ ಕರೆ ಇರಲಿಲ್ಲ. ನಾವೆಲ್ಲ ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಅಪ್ಪನ ತಾಯಿ, ನಮ್ಮ ಆಯಿ, ಅಲ್ಲಿಂದಲೇ ಕೂಗಿದಳು.

"ಯಾಕ ನಿಂತೀರಿ ಗೌಡ್ರ? ಹೆಣ್ಮಗಳು ಬಂದಾಳ, ಉಡಿ ತುಂಬ್ರಿ!"

ಉಡಿ, ಅಂದರೆ ಮಡಿಲು, ತುಂಬಲು ಹೆಂಗಸರೇ ಬೇಕಲ್ಲ! ಗೌಡರು ಬದುಕಿದೆಯಾ ಬಡಜೀವವೇ ಅಂತ ದಾರಿ ಬಿಟ್ಟರು. ಹಾಗೆ ನಮ್ಮೂರಿನ ಹೆಂಗಸರು ಮೊದಲ ಸಲ ವೇದಿಕೆ ಹತ್ತಿದರು. ಆಯಿ ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹತ್ತಿದಳು.

ಆಯಿಗೆ ಈ ಮಂತ್ರಿ ಅಕ್ಕಾವ್ರು ಹೊಸಬರಲ್ಲ. ಎಲೆಕ್ಷನ್ ಹೊತ್ತಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಎರೆಮಣ್ಣಿನ ಕೆಸರು ತುಳಿದು ಬಂದಿದ್ದರು. ಗಂಡಸರು ಕಟ್ಟೆಯ ಮೇಲೆ ಹಾರ ಹಿಡಿದು ಕಾಯುತ್ತಿದ್ದರೆ, ಇವರು ಸೀದಾ ನಮ್ಮ ಅಡುಗೆಮನೆಗೆ ಬಂದು ರೊಟ್ಟಿ ಬಡಿಯುತ್ತಾ ವೋಟು ಕೇಳಿದ್ದರು. ಇಂಡಿ, ಸಿಂದಗಿ ಕಡೆ ಪ್ರಚಾರಕ್ಕೆ ಹೋದಾಗಲೂ ಹೀಗೇ ಅಂತೆ. ಗೆದ್ದರು, ಮಂತ್ರಿಯೂ ಆದರು.

ಆಗ ನನ್ನದು ಏಳನೇ ಇಯತ್ತೆ ಮುಗಿದಿತ್ತು. ಹೈಸ್ಕೂಲು ಇದ್ದದ್ದು ಬಾಗೇವಾಡಿಯಲ್ಲಿ. ಬಸ್ಸಿಲ್ಲ, ಹೆಣ್ಣುಹುಡುಗಿ ಅಷ್ಟು ದೂರ ನಡೆಯುವುದು ಬೇಡ ಅಂತ ಅಪ್ಪ ಹೇಳಿಯಾಗಿತ್ತು. ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು… ನನಗೋ ಜೀವ ಹೋದಷ್ಟು ಭಯ.

ಆಯಿ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಅಕ್ಕಾವ್ರ ಸೆರಗಿಗೆ ಹಾಕಿದಳು. ಮೈಕು ಅಲ್ಲೇ ಇತ್ತು.

"ಉಡಿ ತುಂಬೇನಿ, ಇನ್ನ ನೀ ನಮ್ಮ ಮನಿ ಮಗಳು. ಈ ಹುಡುಗಿ ಸಾಲಿಗೆ ಹೋಗಬೇಕು. ಮುಂಜಾನಿ ಬಾಗೇವಾಡಿಗೆ ಒಂದ್ ಬಸ್ ಬಿಡಸವಾ!"

ಊರಿಗೆಲ್ಲ ಕೇಳಿಸಿತು.

"ಬಸ್ ಬಿಡಸ್ತೇನಿ ಆಯಿ. ಆದ್ರ ಇಕಿನ್ನ ಬಸ್ಸಿಗೆ ಹತ್ತಸಾವ್ರು ಯಾರು? ಇಕಿ ಅಪ್ಪ ಎಲ್ಲಿ ಅದಾರ?"

ಅಪ್ಪ ಕಮಿಟಿಯವನೇ. ಗೌಡರ ಬೆನ್ನ ಹಿಂದೆ ನಿಂತು, ಅಷ್ಟೊತ್ತಿಗೆ ಪೆಂಡಾಲಿನ ಬಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ್ದ.

ಅಕ್ಕಾವ್ರು ರುಮಾಲಿನ ಕಡೆ ಕೈ ತೋರಿಸಿದರು. "ಗೌಡ್ರ, ನನಗಂತೂ ಇದು ಒಗ್ಗಾಂಗಿಲ್ಲ. ಮಗಳನ್ನ ಹೈಸ್ಕೂಲಿಗೆ ಕಳಸಾವ್ರ ತಲಿಗೆ ಸುತ್ರಿ."

ಚಪ್ಪಾಳೆಯೋ ಚಪ್ಪಾಳೆ! ಅಷ್ಟು ಜನರ ಎದುರು ಅಪ್ಪ ಒಲ್ಲೆ ಅನ್ನುವುದು ಹೇಗೆ? ತೆಪ್ಪಗೆ ಬಂದು ತಲೆ ಬಗ್ಗಿಸಿದ.

ಮಳೆಗಾಲ ಮುಗಿಯುವುದರೊಳಗೆ ಕೆಂಪು ಬಸ್ ಬಂತು. ಮೊದಲ ದಿನ ಅಪ್ಪ ಅದೇ ರುಮಾಲು ಸುತ್ತಿಕೊಂಡು ನನ್ನನ್ನು ಹತ್ತಿಸಲು ಬಂದ. ಬಸ್ಸು ತಾನೇ ತಂದವನ ಹಾಗೆ ಮೀಸೆ ತಿರುವುತ್ತಾ ನಿಂತಿದ್ದ.

ನಾನು ಮ್ಯಾಟ್ರಿಕ್‌ನಲ್ಲಿದ್ದಾಗ ಅಕ್ಕಾವ್ರು ಎಲೆಕ್ಷನ್ ಸೋತರು.

ಒಂದು ಬೆಳಗ್ಗೆ ಬಸ್ ಹತ್ತುತ್ತೇನೆ… ಅಕ್ಕಾವ್ರು ಕೂತಿದ್ದಾರೆ! ಕಾರಿಲ್ಲ, ಹಾರವಿಲ್ಲ. ತೊಡೆಯ ಮೇಲೆ ಒಂದು ಕೈಚೀಲ. ಆವತ್ತು ಚಪ್ಪಾಳೆ ತಟ್ಟಿದವರೇ ಗುರುತಿಲ್ಲದವರ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದಾರೆ. ನಾನು ಹೋಗಿ ಅವರ ಪಕ್ಕದಲ್ಲೇ ಕೂತೆ.

ನನ್ನ ಮುಖ ನೋಡಿದರು, ಪುಸ್ತಕದ ಚೀಲ ನೋಡಿದರು.

"ಅಪ್ಪ ಇನ್ನೂ ರುಮಾಲು ಸುತ್ತತಾರೇನವಾ?"

"ಹಬ್ಬ ಹುಣವಿಗೆ ತಪ್ಪಸಾಂಗಿಲ್ರಿ."

"ಹಂಗಾದ್ರ ನಾ ಪೂರಾ ಸೋತಿಲ್ಲ ಬಿಡು," ಅಂತ ಜೋರಾಗಿ ನಕ್ಕರು.

ಈಗ ನಾನು ಮುದ್ದೇಬಿಹಾಳದಲ್ಲಿ ರಿಟೈರ್ಡ್ ಟೀಚರ್. ಬಣ್ಣ ಮಾಸಿದ ಆ ರುಮಾಲು ನನ್ನ ಟ್ರಂಕಿನಲ್ಲಿದೆ.

ನಿಮ್ಮನ್ನು ಶಾಲೆಗೆ ಕಳಿಸಲು ಯಾರು, ಯಾರ ತಲೆಗೆ ರುಮಾಲು ಸುತ್ತಬೇಕಾಯಿತು… ಹೇಳ್ರಿ?