ಬೋಲ್ಟಿನ ಮೂಲವೂ ನನ್ನ ಕನ್ಯಾಪರೀಕ್ಷೆಯೂ

ಧಾರವಾಡದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಇಂಗ್ಲಿಷ್ ಶಬ್ದವೊಂದರ ಬಗ್ಗೆ ಸಂಶಯ ಎದ್ದರೆ, ಅದು ಬಗೆಹರಿಯುವವರೆಗೆ ಬೇರೆ ಯಾವ ಕೆಲಸವೂ ಮುಂದುವರಿಯಕೂಡದು. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಕೈಕಾಲು ತೊಳೆದುಕೊಂಡು, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಡಿಕ್ಷನರಿಯನ್ನು ಮಣೆಯ ಮೇಲಿಟ್ಟು ಬಿಚ್ಚುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಕಾಯಂ ಪ್ರತಿವಾದಿಗಳು. ಒಲೆಯ ಮೇಲೆ ಹಾಲು ಉಕ್ಕಿದರೂ ಸಭೆ ಮುರಿಯುತ್ತಿರಲಿಲ್ಲ.

ಅರವತ್ತರ ದಶಕದ ಆರಂಭವಿರಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನನಗೊಂದು ಕನ್ಯಾ ನೋಡುವುದಿತ್ತು. ಅದಕ್ಕೆ ಮೊದಲು ಮೂರು ಮನೆಯವರು ನನಗೆ ಫಳಾರ ತಿನ್ನಿಸಿ, ಆಮೇಲೆ ಒಲ್ಲೆವೆಂದಿದ್ದರು. ಇದೂ ತಪ್ಪಿದರೆ ಮಗ ಬ್ರಹ್ಮಚಾರಿಯಾಗಿಯೇ ಉಳಿದಾನೆಂದು ಅವ್ವನಿಗೆ ಧಾಸ್ತಿ.

ಬೆಳಗಿನ ರೈಲಿಗೆ ಹೊರಡಬೇಕು. ಮೈಗೆಲ್ಲ ಸಾಬೂನು ಹಚ್ಚಿಕೊಂಡು, ಎರಡನೆಯ ಬಕೀಟು ನೀರಿಗಾಗಿ ಬಚ್ಚಲಿನ ಬಾಗಿಲು ತೆಗೆಯಹೋದರೆ ಜಂಗು ತಿಂದು ತುಕ್ಕಿನ ಮುದ್ದೆಯಾಗಿದ್ದ ಬೋಲ್ಟು ಅಲ್ಲಾಡಲಿಲ್ಲ.

"ಅವ್ವಾ, ಬೋಲ್ಟ್ ಸಿಕ್ಕೊಂಡದ!"

ಚಿಲಕ ಅಂದಿದ್ದರೆ ಬದುಕುತ್ತಿದ್ದೆ. ಇಂಗ್ಲಿಷ್ ಶಬ್ದ ಕಿವಿಗೆ ಬಿದ್ದದ್ದೇ ಅಪ್ಪ ಬಾಗಿಲ ಹೊರಗೆ ಪ್ರತ್ಯಕ್ಷರಾದರು. ಬೇಲಿಯಾಚೆಯಿಂದ ಹೆಡ್‌ಮಾಸ್ತರರೂ ಬಂದರು.

"ಬೋಲ್ಟ್ ಅಂದ್ರ ಮೂಲದಾಗ ಬಾಣ," ಅಪ್ಪ ಪ್ರಾರಂಭಿಸಿದರು. "ಗಿಡ್ಡ, ದಪ್ಪ ಬಾಣ. ಅದರ ಆಕಾರ ನೋಡಿ ಬಾಗಲದ ಬೋಲ್ಟ್ ಅಂದ್ರು. ಅದರ ಓಟ ನೋಡಿ ಕುದರಿ ಕಿತ್ತು ಓಡೂದಕ್ಕೂ ಬೋಲ್ಟ್ ಅಂದ್ರು, ಗಬಗಬ ನುಂಗೂದಕ್ಕೂ ಅಂದ್ರು. ಎಲ್ಲಾ ಒಂದಽ ಬಾಣದ ಮಕ್ಕಳು."

"ಎಲ್ಲಾ ಅಲ್ರಿ ಮಾಸ್ತರ. ಹಿಟ್ಟು ಸಾಣಿಸೂದಕ್ಕೂ ಬೋಲ್ಟ್ ಅಂತಾರ. ಅದು ಫ್ರೆಂಚರ ಕಡೆಯಿಂದ ಬಂದದ್ದು. ನಿಮ್ಮ ಬಾಣಕ್ಕೂ ಅದಕ್ಕೂ ಬೀಗತನ ಇಲ್ಲ."

"ಬಾಣ ಗಾಳಿ ಸೀಳತದ, ಸಾಣಿಗಿ ಹಿಟ್ಟ ಸೀಳತದ. ಒಂದಽ ಬೇರು!"

"ಮಗಾ ಒಳಗ ಥಂಡಿಲೆ ನಡಗಾಕತ್ತಾನ, ಇವರಿಗೆ ಫ್ರಾನ್ಸಿನ ಹಿಟ್ಟ ಬೇಕಾಗೇದ!" ಅವ್ವ ಕೂಗಿದಳು. "ಮೊದಲ ಬಾಗಲಾ ಒಡೀರಿ."

"ಮೂಲ ಗೊತ್ತಾಗಲಾರದ ಒಡೀಬಾರದು," ಎಂದು ಅಪ್ಪ ಕಾಲು ತೊಳೆಯಲು ಹೋದರು.

ನಾನಾದರೂ ಸುಮ್ಮನಿರಬೇಕಿತ್ತು. ಆದರೆ ರಕ್ತ ಎಲ್ಲಿ ಹೋಗುತ್ತದೆ? "ಅಪ್ಪಾ, ಅಂಗಡ್ಯಾಗ ಸುತ್ತಿಟ್ಟ ಅರಿವಿ ಥಾನಿಗೂ ಬೋಲ್ಟ್ ಅಂತಾರ, ಅದನ್ನೂ ನೋಡ್ರಿ!" ಎಂದು ಒಳಗಿನಿಂದಲೇ ಸೂಚಿಸಿದೆ.

"ನೀನೂ ಸುರು ಮಾಡಿದೇನೋ ಖೋಡಿ," ಎನ್ನುತ್ತ ಅವ್ವ ಬೆಳಕಿಂಡಿಯಿಂದ ಕೊಬ್ಬರಿಎಣ್ಣೆಯ ಬಾಟಲಿ ಇಳಿಸಿದಳು. ಎಣ್ಣೆ ಕುಡಿದ ಬೋಲ್ಟು ಕೊನೆಗೂ ಸರಿಯಿತು. ಹೊರಬಿದ್ದವನು ಬಟ್ಟೆ ಹಾಕಿಕೊಂಡು ಸ್ಟೇಶನ್ನಿಗೆ ಓಡಬೇಕಲ್ಲವೇ? ಪಂಚೆ ಸುತ್ತಿಕೊಂಡು ಡಿಕ್ಷನರಿಯ ಮುಂದೆ ಕುಕ್ಕರಿಸಿದೆ. ಅದರಲ್ಲಿ ಬೋಲ್ಟ್ ಎರಡು ಸಲ, ಬೇರೆಬೇರೆಯಾಗಿ, ಅಚ್ಚಾಗಿತ್ತು: ಒಂದು ಬಾಣದ್ದು, ಇನ್ನೊಂದು ಫ್ರೆಂಚರ ಹಿಟ್ಟಿನದು. ಥಾನು ಬಾಣದ ಪಾಲಿಗೆ ಬಂದಿತ್ತು. ಹೆಡ್‌ಮಾಸ್ತರರು ಮೀಸೆ ನೀವಿಕೊಂಡರು. ಅಪ್ಪ ಮನೆಯಲ್ಲಿ ಸೂತಕವಾದವರಂತೆ ಡಿಕ್ಷನರಿಗೆ ವಸ್ತ್ರ ಸುತ್ತಿದರು. ಅಷ್ಟರಲ್ಲಿ ರೈಲು ಸಿಳ್ಳೆ ಹಾಕಿಕೊಂಡು ಹೋಯಿತು.

ಬೆಂಗೇರಿ ಮುಟ್ಟಿದಾಗ ಮಧ್ಯಾಹ್ನ. ಉಪ್ಪಿಟ್ಟು ಆರಿತ್ತು, ಹುಡುಗಿಯ ತಂದೆಯ ಮುಖ ಕಾದಿತ್ತು. "ಮುಂಜಾನಿಯಿಂದ ಕಾಯಾಕತ್ತೇವ್ರಿ. ಮನಸ್ಸಿಲ್ಲಂದ್ರ ಹೇಳಿಬಿಡ್ರಿ," ಎಂದರು.

ಅಪ್ಪ ಗಂಟಲು ಸರಿಮಾಡಿಕೊಂಡು ಬಾಣದಿಂದ ಪ್ರಾರಂಭಿಸಿ ಒಂದಕ್ಷರ ಬಿಡದೆ ಹೇಳಿದರು. ತಾವು ಸೋತದ್ದನ್ನೂ ಹೇಳಿದರು. ಅವ್ವ ತಲೆ ತಗ್ಗಿಸಿದಳು. ನಾಲ್ಕನೆಯ ಮನೆಯೂ ಹೋಯಿತು, ಉಪ್ಪಿಟ್ಟಿನ ಬಶಿಯನ್ನಾದರೂ ಬಿಡಬಾರದೆಂದು ನಾನು ಕೈಹಾಕಿದೆ.

ಆಗ ಚಾಪೆಯ ಮೇಲೆ ಕುಳಿತಿದ್ದ ಹುಡುಗಿ ನನ್ನನ್ನೇ ಕೇಳಿದಳು: "ಅಂದ್ರ ಸ್ನಾನ ಪೂರಾ ಆತೋ ಇಲ್ಲೋರಿ?"

"ಅರ್ಧಾ ಆಗೇದ್ರಿ. ಸಾಬೂನು ಮೈಮ್ಯಾಲೆ ಒಣಗೇದ."

ಅವಳು ತಂದೆಯ ಕಡೆ ತಿರುಗಿದಳು. "ಅಪ್ಪಾ, ಹಂಡೇದಾಗ ಬಿಸಿನೀರದ. ಇವರು ಉಳದರ್ಧ ಮುಗಿಸಲಿ. ಅಲ್ಲೀತನಕಾ ನಾ ಬ್ಯಾರೆ ಉಪ್ಪಿಟ್ಟ ಮಾಡತೇನಿ."

ಕನ್ಯಾ ನೋಡಲು ಬಂದ ಮನೆಯಲ್ಲಿ ಮೀಯುವ ಶಾಸ್ತ್ರ ಎಲ್ಲಿದೆಯೋ ನನಗೆ ತಿಳಿಯದು. ನಾನಂತೂ ಮಿಂದೆ. ಕೊನೆಯ ತಂಬಿಗೆ ಸುರಿದುಕೊಳ್ಳುತ್ತಿರುವಾಗ ಹೊರಗೆ ಅವಳ ತಂದೆಯ ದನಿ ಕೇಳಿತು:

"ಮುಹೂರ್ತ ಯಾವಾಗ ಇಟ್ಕೊಳ್ಳೂಣ್ರಿ, ಮಾಸ್ತರ?"